ಕ್ಲೌಡ್ ಸೇರಿದ ಜಾತಕಗಳು

ಕಡೂರಿನಲ್ಲಿ ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿಕೊಂಡು ಕೂತವನ ಹತ್ತಿರ ಪ್ರಸಂಗಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ, ಕರೆಯಬೇಕಾಗಿಲ್ಲ. ಈ ಮೂರೂ ಬಂದದ್ದು ನಮ್ಮ ಮದುವೆ ಬ್ರೋಕರಿಂದ. ಕಡೂರು, ತರೀಕೆರೆ, ಅಜ್ಜಂಪುರ ಎಂದು ಬಸ್ಸಿನಲ್ಲಿ ಓಡಾಡಿ ಗಂಡು ಹೆಣ್ಣು ಕೂಡಿಸುವ ಹಿರಿಯರು. ಅವರ ಆಸ್ತಿ ಎಂದರೆ ಒಂದು ದಪ್ಪ ನೋಟ್‌ಬುಕ್. ಅದನ್ನು ಒಮ್ಮೆ ಬಸ್ಸಿನಲ್ಲೇ ಮರೆತಿದ್ದರು, ಅದು ಒಂಟಿಯಾಗಿ ಶಿವಮೊಗ್ಗ ನೋಡಿಕೊಂಡು ಬಂತು. ಇದನ್ನೆಲ್ಲ ಕ್ಲೌಡಿಗೆ ಹಾಕಿಬಿಡೋಣ ಎಂದವನು ನಾನೇ. ಮುಂದಿನದಕ್ಕೆಲ್ಲ ಕಾರಣ ನನ್ನ ಬಾಯಿ.

೧. ಮನೆತನ

ನೋಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ಟೈಪ್ ಮಾಡಿದೆ. ಇದು ಈಗ ಎಲ್ಲಿರುತ್ತದೆ ಎಂದು ಬ್ರೋಕರು ಕೇಳಿದರು. ಒಂದು ಕಂಪನಿಯವರ ದೊಡ್ಡ ಕಂಪ್ಯೂಟರುಗಳಲ್ಲಿ, ನಿಮ್ಮ ಫೋನಿನಿಂದ ಎಲ್ಲಿ ಬೇಕಾದರೂ ತೆಗೆದು ನೋಡಬಹುದು ಎಂದೆ. ಅವರು ವೃತ್ತಿಧರ್ಮ ಬಿಡಲಿಲ್ಲ. ಕಂಪನಿಯ ಯಜಮಾನರು ಯಾರು, ಯಾವ ಕಡೆಯವರು, ನೀನು ಹೋಗಿ ನೋಡಿದ್ದೀಯಾ, ಅಕ್ಕಪಕ್ಕದಲ್ಲಿ ವಿಚಾರಿಸಿದ್ದೀಯಾ ಎಂದು ಶುರು ಮಾಡಿದರು. ನೋಡಿಲ್ಲ, ವಿಚಾರಿಸಿಯೂ ಇಲ್ಲ ಎಂದೆ. ಷರತ್ತುಗಳನ್ನಾದರೂ ಓದಿದ್ದೀಯಾ ಎಂದರು. ಓದದೆಯೇ 'ಒಪ್ಪಿದ್ದೇನೆ' ಬಟನ್ ಒತ್ತಿದ್ದೆ, ಹಾಗೆಂದೇ ಹೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಮನೆ ನೋಡ್ದೆ ಹೆಣ್ಣು ಕೊಟ್ಟಂಗಾಯ್ತಲ್ಲೋ."

೨. ಗುಡ್ಡ

ಲಾಗಿನ್ ಆಗಲು ಒಂದು ಮೊಬೈಲ್ ನಂಬರು ಕೊಡಬೇಕು, ಓಟಿಪಿ ಅದಕ್ಕೇ ಬರುತ್ತದೆ. ಬ್ರೋಕರ ಹಳೇ ಫೋನಿನಲ್ಲಿ ಚಾರ್ಜು ನಿಲ್ಲುತ್ತಿರಲಿಲ್ಲ. ಅದಕ್ಕೆ ಬಾಮೈದನ ನಂಬರು ಕೊಡಿಸಿದರು. ಬಾಮೈದ ಇರುವುದು ಎಮ್ಮೆದೊಡ್ಡಿ ಕಡೆ. ಹಗಲೆಲ್ಲ ದನದ ಹಿಂದೆ ಇರುತ್ತಾನೆ, ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಇದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಫೋನು ಕೊಂಡ ವಾರದಲ್ಲೇ ಇವರು ತರೀಕೆರೆಯ ಒಂದು ಮನೆಗೆ ಹೋದರು. ಹುಡುಗನ ಫೋಟೋ ನೋಡಲು ಮನೆಯವರೆಲ್ಲ ಸುತ್ತ ಕೂತಿದ್ದಾರೆ. ಹೊಸ ಫೋನು ಓಟಿಪಿ ಕೇಳಿತು. ಬಾಮೈದನ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನು ಹೋಯಿತು, ಅಲ್ಲಿಂದ ಆಳು ಹೋಯಿತು, ಬಾಮೈದ ಗುಡ್ಡ ಹತ್ತಿ ಓಟಿಪಿ ಓದಿ ಹೇಳುವಷ್ಟರಲ್ಲಿ ಅದರ ಹೊತ್ತು ಮುಗಿದಿತ್ತು. ಇನ್ನೊಂದು ಓಟಿಪಿಗೆ ಒತ್ತಿದರು. ಅಷ್ಟರಲ್ಲಿ ಅವನು ಇಳಿದಿದ್ದ. ಇಲ್ಲಿ ಎರಡು ಸುತ್ತು ಕೇಸರಿಬಾತು ಮುಗಿಯಿತು. ಹುಡುಗಿಯ ಅಜ್ಜಿ, ಅಲ್ಲ ಹುಡುಗ ಇದಾನೋ ಇಲ್ವೋ ಎಂದು ಕೇಳಿಯೇಬಿಟ್ಟರು.

"ಇದಾನೆ ತಾಯಿ, ಲಕ್ಷಣವಾಗಿದಾನೆ. ನನ್ನ ಬಾಮೈದ ಗುಡ್ಡ ಹತ್ತಿದ್ಮೇಲೆ ಕಾಣ್ತಾನೆ."

೩. ನಿಜ

ನಮ್ಮ ಕಡೆ ಸಂಬಂಧ ಬೇಡವಾದರೆ ಬೇಡ ಎಂದು ಮುಖಕ್ಕೆ ಯಾರೂ ಹೇಳುವುದಿಲ್ಲ. ಜಾತಕ ಕೂಡಲಿಲ್ಲ ಎನ್ನುತ್ತಾರೆ. ನಿಜವಾದ ಕಾರಣ ಬ್ರೋಕರ ಕಿವಿಗೆ ಮಾತ್ರ ಬೀಳುತ್ತದೆ. ಇವರು ಅಚ್ಚುಕಟ್ಟಿನ ಮನುಷ್ಯ, ಅದಕ್ಕೆಂದೇ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇಟ್ಟಿದ್ದರು, ನಾನು ಅವನ್ನೂ ಹಾಗೇ ಟೈಪ್ ಮಾಡಿದ್ದೆ. ಒಂದು 'ಹೇಳಿದ್ದು', ಇನ್ನೊಂದು 'ನಿಜ'. ಹೇಳಿದ್ದು: ಜಾತಕ ಕೂಡಲಿಲ್ಲ. ನಿಜ: ಹುಡುಗ ಕಾಫಿಯನ್ನು ಊರಿಗೆಲ್ಲ ಕೇಳುವಂತೆ ಕುಡಿದ. ಹೇಳಿದ್ದು: ಈ ವರ್ಷ ಮಾಡುವುದಿಲ್ಲ. ನಿಜ: ಆ ಮನೆಯಲ್ಲಿ ಅತ್ತೆ, ಅತ್ತೆಯ ಅತ್ತೆ, ಇಬ್ಬರೂ ಗಟ್ಟಿಯಾಗಿದ್ದಾರೆ.

ಒಂದು ದಿನ ಸಖರಾಯಪಟ್ಟಣದ ಒಬ್ಬರಿಗೆ ಒಂದು ಹುಡುಗಿಯ ವಿವರ ಕಳಿಸು ಎಂದರು. ನಾನು ಆ ಒಂದು ಸಾಲಿನ ಬದಲು ಇಡೀ ಫೈಲಿನ ಲಿಂಕ್ ಕಳಿಸಿದೆ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಸೆಟ್ಟಿಂಗ್ ಮಾಡಿಟ್ಟವನೂ ನಾನೇ. ಸಖರಾಯಪಟ್ಟಣದವರು ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಓದಿ ಮುಗಿಸಿದ್ದವು. ನಾನು ಲಿಂಕ್ ಮುಚ್ಚಿದೆ, ಆದರೆ ಓದಿದ್ದನ್ನು ಮುಚ್ಚುವ ಬಟನ್ ಯಾವ ಕ್ಲೌಡಿನಲ್ಲೂ ಇಲ್ಲ.

ಬ್ರೋಕರು ಅಂಗಡಿಗೆ ಬಂದು ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಇಷ್ಟು ವರ್ಷ ಒಂದು ಮನೆ ಮಾತು ಇನ್ನೊಂದು ಮನೆಗೆ ಹೇಳಿಲ್ಲ ಕಣಪ್ಪ. ಇನ್ನು ನನ್ನ ಯಾರು ಹೊಸಲೊಳಗೆ ಬಿಟ್ಕೊತಾರೆ?" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನ ಅಜ್ಜಂಪುರದಿಂದ ಫೋನು ಬಂತು. ಅಲ್ಲಿ ತೆಂಗಿನ ತೋಟದ ಯಜಮಾನರೊಬ್ಬರಿದ್ದಾರೆ, ಅವರ ಮಗಳು ಸ್ಕೂಲ್ ಟೀಚರ್. ಏಳು ಗಂಡು ಬಂದು ಹೋಗಿದ್ದವು. 'ಹೇಳಿದ್ದು' ಕಾಲಮ್ಮಿನಲ್ಲಿ ಏಳು ಸಲವೂ ಜಾತಕ. 'ನಿಜ' ಕಾಲಮ್ಮಿನಲ್ಲಿ ಏಳು ಸಲವೂ ಒಂದೇ ಮಾತು: ಹುಡುಗಿ ಬಂಗಾರ, ಅಪ್ಪನ ಮಾತು ಮುಗಿಯುವುದಿಲ್ಲ. ಈಗ ಆ ಅಪ್ಪ, ಇಬ್ಬರೂ ಬನ್ನಿ ಎಂದು ಕರೆದಿದ್ದರು.

ಹೋದೆವು. ಅವರು ಮಳೆಯಿಂದ ಹಿಡಿದು, ತೆಂಗಿಗೆ ಬಂದ ರೋಗ, ಇಂದಿನ ಕಾಲ ಎಲ್ಲ ಮುಗಿಸಿ ಕೊನೆಗೆ ವಿಷಯಕ್ಕೆ ಬಂದರು.

"ಏಳು ಜನಾನೂ ಜಾತಕ ಅಂದ್ರಲ್ರೀ. ಮಗಳಿಗೆ ದೋಷ ಇದೆ ಅಂತ ಮೂರು ವರ್ಷದಿಂದ ಶನಿವಾರ ಉಪವಾಸ ಹಾಕಿದೀನಿ. ದೋಷ ನಾನು ಅಂತ ಯಾಕ್ ಹೇಳ್ಲಿಲ್ಲ?"

ಬ್ರೋಕರು ತಲೆ ತಗ್ಗಿಸಿಯೇ ಹೇಳಿದರು. "ಹೇಳಾಣ ಅಂತ ನಾಕು ಸಲ ಬಂದೆ ಯಜಮಾನ್ರೆ. ನೀವು ಮಾತಾಡ್ತಿದ್ರಿ."

ಆ ಮನೆಯಲ್ಲಿ ಮೊದಲ ಸಲ ಯಾರೂ ಮಾತಾಡಲಿಲ್ಲ. ಕಾಫಿ ತಂದ ಮಗಳು ಲೋಟ ಇಟ್ಟು, ಮುಂದಿನ ಗಂಡನ್ನೂ ನೀವೇ ಕರ್ಕೊಂಡು ಬನ್ನಿ ಎಂದು ಬ್ರೋಕರಿಗೆ ಹೇಳಿದಳು. ಅವರ ಮುಖಕ್ಕೆ ಜೀವ ಬಂತು. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾಜಿ, ಈ ಶನಿವಾರದಿಂದ ನಾನು ಊಟ ಮಾಡ್ತೀನಿ. ವ್ರತ ನೀವು ಹಿಡೀರಿ. ಮೌನವ್ರತ."

ಯಜಮಾನರು ಆಗಲಿ ಕಣಮ್ಮ ಎಂದರು, ಮನಸಾರೆಯೇ ಅಂದರು. ಆಮೇಲೆ ಮೌನವ್ರತದಲ್ಲಿ ಎಷ್ಟು ಬಗೆ, ಅದರಲ್ಲಿ ತಾವು ಯಾವುದನ್ನು ಹಿಡಿಯುತ್ತೇವೆ, ಯಾಕೆ ಹಿಡಿಯುತ್ತೇವೆ ಎಂದು ನಮಗೆ ವಿವರಿಸಿ ಮುಗಿಸುವಷ್ಟರಲ್ಲಿ ಕಡೂರಿನ ಎರಡು ಬಸ್ಸು ಹೋಗಿದ್ದವು.