ಚಳಿ ನೋಡುವ ಅಗ್ಗಿಷ್ಟಿಕೆ

"ಕರೆಂಟಿನದ್ದೋ ಗ್ಯಾಸಿನದ್ದೋ ಅಂತ ಇನ್ನು ಈ ಮನೆಯಲ್ಲಿ ಯಾರೂ ತಲೆ ಕೆಡಿಸ್ಕೊಳ್ಳೋದು ಬೇಡ. ಅದನ್ನು ಇದೇ ತೀರ್ಮಾನ ಮಾಡ್ತದೆ."

ಹೀಗೆಂದು ನನ್ನ ಭಾವ ಕುಶಾಲಪ್ಪ ಗೋಡೆಗೆ ತೂಗುಬಿಟ್ಟಿದ್ದ ಹಳೆಯ ಸೀರೆಯನ್ನು ಸರ್ರನೆ ಎಳೆದರು. ಒಳಗಿದ್ದ ಯಂತ್ರವನ್ನು ನೋಡಿ ನಾನು ಕುಳಿತಲ್ಲಿಂದಲೇ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಕಬ್ಬಿಣದ ಬಾಯಿ, ಬಾಯಿಯೊಳಗೆ ಕೆಳಗೊಂದು ಕರೆಂಟಿನ ಕಾಯಿಲ್, ಮೇಲೊಂದು ಗ್ಯಾಸ್ ಬರ್ನರು, ಹಣೆಯ ಜಾಗದಲ್ಲಿ ಒಂದು ಗಾಜಿನ ಕಣ್ಣು. ಆ ಕಣ್ಣು ನನ್ನ ಕಡೆಗೇ ತಿರುಗಿತು.

ಭಾವ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಕಲಿಸುವಾಗ ಅವರ ಕೈ ಕಟ್ಟಿಹಾಕಿದಂತಿತ್ತು. ನಿವೃತ್ತಿಯಾದ ಮೇಲೆ ಬಿಚ್ಚಿತು. ಮಳೆಯ ವಾಸನೆ ಹಿಡಿದು ತಾನೇ ಬಿಚ್ಚಿಕೊಳ್ಳುವ ಕೊಡೆಯೊಂದನ್ನು ಅವರು ಮಾಡಿದ್ದರು. ಅದು ತುಂಬಿದ ಬಸ್ಸಿನಲ್ಲಿ ಬಿಚ್ಚಿಕೊಂಡ ದಿನದಿಂದ ನಮ್ಮ ಮಡಿಕೇರಿಯ ಕಂಡಕ್ಟರುಗಳು ಅವರನ್ನು ಕೊಡೆಯಿಲ್ಲದಿದ್ದರೆ ಮಾತ್ರ ಹತ್ತಿಸಿಕೊಳ್ಳುತ್ತಿದ್ದರು.

ಈ ಯಂತ್ರ ಹುಟ್ಟಿದ್ದು ಮಾತ್ರ ಜಗಳದಿಂದ. ನನ್ನ ಅಕ್ಕ ದಮಯಂತಿ ಮನೆಯ ಪಕ್ಕದಲ್ಲಿ ಪ್ರವಾಸಿಗರಿಗೆಂದು ಒಂದು ಕೋಣೆ ಕಟ್ಟಿಸಿದ್ದಳು. ಬರುವವರು ಮಂಜು ನೋಡುತ್ತ ಬೆಂಕಿಯ ಮುಂದೆ ಕೂರಬೇಕೆನ್ನುತ್ತಾರೆ, ಆದ್ದರಿಂದ ಗೋಡೆಯಲ್ಲಿ ಅಗ್ಗಿಷ್ಟಿಕೆಗೆ ಜಾಗ ಬಿಡಿಸಿದ್ದಳು. ಸೌದೆಯ ಹೊಗೆ ಬೇಡ ಎಂಬಲ್ಲಿಗೆ ಇಬ್ಬರೂ ಒಪ್ಪಿದರು. ಆಮೇಲೆ ಒಪ್ಪಲಿಲ್ಲ. ಅಕ್ಕನಿಗೆ ಗ್ಯಾಸಿನದ್ದು ಬೇಕು: ಅದರಲ್ಲಿ ನಿಜವಾದ ಜ್ವಾಲೆ ಇರುತ್ತದೆ, ಗಾಳಿಮಳೆಗೆ ಕರೆಂಟು ಹೋದರೂ ಉರಿಯುತ್ತದೆ, ಬಣ್ಣದ ಬಲ್ಬಿನ ಮುಂದೆ ಕೂತು ಯಾರಿಗೂ ಚಳಿ ಬಿಡುವುದಿಲ್ಲ ಎಂದಳು. ಭಾವನಿಗೆ ಕರೆಂಟಿನದ್ದು ಬೇಕು: ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಸೋರಿದರೆ ಪ್ರವಾಸಿಗರು ಮಂಜು ನೋಡಲು ಏಳುವುದೇ ಇಲ್ಲ ಎಂದರು. ಹೀಗೆ ಗೋಡೆಯ ತೂತು ಒಂದು ಇಡೀ ಮಳೆಗಾಲ ಬಾಯಿ ತೆರೆದುಕೊಂಡೇ ಇತ್ತು. ಕೊನೆಗೆ ಭಾವ ಎರಡನ್ನೂ ಒಂದರಲ್ಲೇ ತುರುಕಿದರು.

ಅಂದು ಬೆಳಿಗ್ಗೆ ಹೊರಗೆ ಒಳ್ಳೆಯ ಮಂಜು. ಭಾವ ನಮ್ಮ ಮೊಬೈಲುಗಳನ್ನೆಲ್ಲ ತೆಗೆಸಿ ಜಗಲಿಯಲ್ಲಿ ಇಡಿಸಿದರು. ಯಂತ್ರದ ಕಣ್ಣಿಗೆ ಅವು ತೊಂದರೆ ಕೊಡುತ್ತವಂತೆ. ಆಮೇಲೆ ವಿವರಿಸಿದರು. ಈ ಕಣ್ಣು ಕೋಣೆಯಲ್ಲಿರುವವರನ್ನು ನೋಡುತ್ತದೆ. ಯಾರಾದರೂ ಸ್ವಲ್ಪ ನಡುಗಿದರೆ ಕರೆಂಟಿನ ಕಾಯಿಲ್, ಹೆಚ್ಚು ನಡುಗಿದರೆ ಗ್ಯಾಸ್. ಗ್ಯಾಸ್ ಹೊತ್ತಿದಾಗ ಬಿಸಿ ಹೊರಗೆ ಹೋಗಬಾರದೆಂದು ಬಾಗಿಲು, ಕಿಟಕಿ ತಾವೇ ಮುಚ್ಚಿಕೊಳ್ಳುತ್ತವೆ. ಚಳಿ ಬಿಟ್ಟ ಮೇಲೆ ತಾವೇ ತೆರೆಯುತ್ತವೆ. ಪ್ರವಾಸಿಗರು ಕೈಯಾಡಿಸಬಾರದೆಂದು ಸ್ವಿಚ್ಚನ್ನು ಜಗಲಿಯ ಗೋಡೆಗೆ ಹಾಕಿದ್ದರು. ಸಿಲಿಂಡರು ಕಿಟಕಿಯ ಹೊರಗಿತ್ತು.

"ಒಳಗಿರುವವರಿಗೆ ಆರಿಸಬೇಕು ಅಂತ ಅನ್ನಿಸಿದರೆ?" ಎಂದು ನಾನು ಕೇಳಿದೆ.

"ಅದು ಅವರಿಗಿಂತ ಮೊದಲೇ ಗೊತ್ತಾಗ್ತದೆ ಅದಕ್ಕೆ, ಲೋಕಯ್ಯ," ಎಂದರು ಭಾವ.

ಮೊದಲಿಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ನಾನು ಬೇಕೆಂದೇ ಭುಜ ಅಲುಗಿಸಿದೆ. ಯಂತ್ರದೊಳಗಿಂದ ಭಾವನದೇ ದನಿ, ಆದರೆ ಅವರು ನನ್ನೊಡನೆ ಎಂದೂ ಆಡದಷ್ಟು ಮೃದುವಾಗಿ, "ನಿಮಗೆ ಚಳಿಯಾಗುತ್ತಿದೆ. ಗಾಬರಿ ಬೇಡ" ಎಂದಿತು. ಕಾಯಿಲ್ ಕೆಂಪಗಾಯಿತು. ಹಿತವಾಗಿತ್ತು. ಅಕ್ಕನ ಮುಖ ಕೂಡ ಸಡಿಲವಾಯಿತು. ಸಂತೋಷ ತಡೆಯಲಾರದೆ ಭಾವ ಮನೆಯೊಳಗೆ ಹೋಗಿ ತಮ್ಮ ತಾಯಿ ಪೂವಮ್ಮನವರನ್ನು ಕೈಹಿಡಿದು ಕರೆತಂದರು, ಯಂತ್ರದ ಎದುರಿಗೇ ಕೂರಿಸಿದರು.

ಪೂವಮ್ಮನವರಿಗೆ ಕಿವಿ ಮಂದ. ಕೈಗಳು ಕೆಲವು ವರ್ಷಗಳಿಂದ ಸುಮ್ಮನೆ ಮಡಿಲಲ್ಲಿಟ್ಟಾಗಲೂ ನಡುಗುತ್ತವೆ. ಚಳಿಗಲ್ಲ, ವಯಸ್ಸಿಗೆ. ಇದು ಮನೆಯವರಿಗೆಲ್ಲ ಗೊತ್ತಿತ್ತು. ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

"ಹಿರಿಯರಿಗೆ ಬಹಳ ಚಳಿಯಾಗುತ್ತಿದೆ," ಎಂದಿತು ಅದು.

ಬಾಗಿಲು ಧಡ್ಡನೆ ಮುಚ್ಚಿ ಅಗುಳಿ ಬಿತ್ತು. ಕಿಟಕಿಯ ಮೇಲೆ ಉಕ್ಕಿನ ತಗಡು ಕರಕರ ಇಳಿಯಿತು. ಬರ್ನರು 'ಭಗ್' ಎಂದು ಹೊತ್ತಿಕೊಂಡಿತು.

ಅಕ್ಕ ಗೋಡೆಗೆ ಒರಗಿದಳು. ನನ್ನ ಮೊಣಕಾಲುಗಳು ಒಂದಕ್ಕೊಂದು ಬಡಿದುಕೊಂಡವು. ಕಣ್ಣು ಅವಳನ್ನು ನೋಡಿತು, ನನ್ನನ್ನು ನೋಡಿತು. ಎಲ್ಲರಿಗೂ ಚಳಿಯಾಗುತ್ತಿದೆ, ಗಾಬರಿ ಬೇಡ ಎಂದು ಮೃದುವಾಗಿ ಹೇಳಿ ಜ್ವಾಲೆಯನ್ನು ಇನ್ನೊಂದು ಗೇಣು ಏರಿಸಿತು.

ಭಾವ ಬಾಗಿಲಿಗೆ ಭುಜ ಕೊಟ್ಟರು. ಆ ಬಾಗಿಲನ್ನು ಗಟ್ಟಿಯಾಗಿರಲೆಂದು ಅವರೇ ನಿಂತು ಮಾಡಿಸಿದ್ದರು. ಅದು ಗಟ್ಟಿಯಾಗಿಯೇ ಇತ್ತು. ನಾನು ಕೂಗಿದೆ, ರಸ್ತೆ ದೂರ, ಮಂಜಿನಲ್ಲಿ ಯಾರಿಗೂ ಕೇಳಲಿಲ್ಲ. ಅಕ್ಕ ಮೇಜಿನ ಮೇಲಿದ್ದ ನೀರಿನ ಹೂಜಿ ಎತ್ತಿದಳು. ಭಾವ ಓಡಿಬಂದು ಅವಳ ಕೈ ಹಿಡಿದುಕೊಂಡರು.

"ಬೇಡ ದಮಯಂತಿ. ನೀರು ಹಾಕಿದರೆ ಬೆಂಕಿ ಆರ್ತದೆ, ಗ್ಯಾಸ್ ನಿಲ್ಲೂದಿಲ್ಲ. ಕೆಳಗೆ ಕಾಯಿಲ್ ಕೆಂಪಗೇ ಉಂಟು."

ಬೆಂಕಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಏರ್ಪಾಡು ಇಲ್ಲವೇ ಎಂದು ಅಕ್ಕ ಕೇಳಿದಳು. ಅದನ್ನು ಬರುವ ವಾರ ಹಾಕಬೇಕೆಂದಿದ್ದೆ ಎಂದರು ಭಾವ. ಇಷ್ಟು ವರ್ಷಗಳಲ್ಲಿ ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಹೂಜಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳು ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಉಸಿರು ಬಿಸಿಯಾಯಿತು. ಹೂದಾನಿಯ ಪ್ಲಾಸ್ಟಿಕ್ ಗುಲಾಬಿಗಳು ತಲೆತಗ್ಗಿಸಿ ಮೇಜಿಗೆ ಅಂಟಿಕೊಂಡವು. ಕಿಟಕಿಯ ಹೊಸ ಪರದೆಯ ಅಂಚು ಕಂದಿ ಸುರುಟಿಕೊಳ್ಳುತ್ತಿತ್ತು. ಅದು ಹೊತ್ತಿಕೊಂಡರೆ ಮುಗಿಯಿತು ಎಂದು ನನಗನ್ನಿಸಿತು. ಅನ್ನಿಸಿದ್ದೇ ತಡ, ಹಲ್ಲು ಕಟಕಟ ಎಂದವು, ಜ್ವಾಲೆ ನನ್ನ ಕಡೆಗೆ ನಾಲಿಗೆ ಚಾಚಿತು.

ಅಕ್ಕನಿಗೆ ಅದು ಮೊದಲು ಹೊಳೆಯಿತು. "ನಾವು ಹೆದರಿದಷ್ಟೂ ಅದು ಉರೀತದೆ," ಎಂದಳು. "ಯಾರೂ ನಡುಗಬೇಡಿ."

ನಡುಗಬೇಡಿ ಎಂದು ಹೇಳುವುದು ಸುಲಭ. ನಾವು ಫೋಟೋಕ್ಕೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿ, ತೊಡೆಗಳನ್ನು ಅದುಮಿ ಹಿಡಿದು ಕುಳಿತೆವು. ನಾನು ಹಲ್ಲುಗಳ ನಡುವೆ ಕರವಸ್ತ್ರ ಕಚ್ಚಿಕೊಂಡೆ. ಜ್ವಾಲೆ ಒಂದಿಷ್ಟು ತಗ್ಗಿತು. ಅಷ್ಟಕ್ಕೇ ನಿಂತಿತು. ಪೂವಮ್ಮನವರ ಕೈಗಳು ಮಡಿಲಲ್ಲಿ ನಡುಗುತ್ತಲೇ ಇದ್ದವು.

ಭಾವ ಅವರ ಕೈಗಳ ಮೇಲೆ ಶಾಲು ಮುಚ್ಚಿದರು. "ಹಿರಿಯರು ಹೊದ್ದುಕೊಳ್ಳುತ್ತಿದ್ದಾರೆ. ಚಳಿ ಹೆಚ್ಚಾಗಿದೆ," ಎಂದಿತು ಯಂತ್ರ. ಜ್ವಾಲೆ ಮತ್ತೆ ಏರಿತು. ಭಾವ ಶಾಲು ಕಿತ್ತೆಸೆದು, ತಾಯಿಯ ಕಾಲ ಬಳಿ ನೆಲಕ್ಕೆ ಕುಸಿದು, ಆ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅವರ ಕೈಗಳು ತಾಯಿಯ ಕೈಗಳಿಗಿಂತ ಹೆಚ್ಚು ನಡುಗುತ್ತಿದ್ದವು. ಈಗ ನಾಲ್ಕು ಕೈಗಳು ಒಟ್ಟಿಗೆ ನಡುಗಿದವು. ಪರದೆಯ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು.

ಪೂವಮ್ಮನವರಿಗೆ ಇದುವರೆಗೆ ಏನೂ ಅರ್ಥವಾಗಿರಲಿಲ್ಲ. ಒಳ್ಳೆಯ ಕಾವು ಬರುತ್ತಿದೆ, ಮಗ ಏನೋ ಆಟವಾಡಿಸುತ್ತಿದ್ದಾನೆ ಎಂದುಕೊಂಡು ಕುಳಿತಿದ್ದರು. ಈಗ ಬಗ್ಗಿ ಮಗನ ಮುಖ ನೋಡಿದರು.

"ಯಾಕೆ ಕುಶಾಲ, ಹೆದರಿದ್ಯಾ?"

ಭಾವ ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. "ಹೆದರಿಕೆ ಆಗ್ತದೆ ಅಮ್ಮ," ಎಂದರು, ಕೇಳಿಸಲೆಂದು ಗಟ್ಟಿಯಾಗಿ.

ಮುದುಕಿ ಕೈ ಬಿಡಿಸಿಕೊಂಡರು. ಮಗನ ತಲೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಆ ಬೋಳು ತಲೆಯನ್ನು, ಅಲ್ಲಿ ಕೂದಲಿದ್ದಾಗ ನೇವರಿಸುತ್ತಿದ್ದಂತೆಯೇ, ಹಣೆಯಿಂದ ಹಿಂದಕ್ಕೆ ನಿಧಾನವಾಗಿ ನೇವರಿಸತೊಡಗಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಸುಮ್ಮನಿದ್ದಾಗ ನಡುಗುವ ಆ ಕೈ ಕೆಲಸ ಸಿಕ್ಕಿದ ಕೂಡಲೇ ನಡುಗುವುದನ್ನು ನಿಲ್ಲಿಸಿತ್ತು. ಭಾವನ ಬೆನ್ನು ಮೊದಲು ಎರಡು ಸಲ ಜೋರಾಗಿ ಕುಲುಕಿತು. ಆಮೇಲೆ ಉಸಿರು ನಿಧಾನವಾಯಿತು. ಅಕ್ಕ ಬಂದು ನನ್ನ ಪಕ್ಕ ಕುಳಿತು ನನ್ನ ತೋಳು ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ಹಿಡಿಯುತ್ತಿದ್ದಳಲ್ಲ, ಹಾಗೆ.

ಕಣ್ಣು ಒಬ್ಬೊಬ್ಬರನ್ನೇ ನೋಡುತ್ತ ಹೋಯಿತು. ಭಾವನ ಮೇಲೆ ಬಹಳ ಹೊತ್ತು ನಿಂತಿತು.

"ಎಲ್ಲರೂ ಬೆಚ್ಚಗಿದ್ದಾರೆ," ಎಂದಿತು ಕೊನೆಗೆ.

ಗ್ಯಾಸ್ 'ಟಪ್' ಎಂದು ನಿಂತಿತು. ಕಾಯಿಲ್ ಕಪ್ಪಾಯಿತು. ಕಿಟಕಿಯ ತಗಡು ಮೇಲೇರಿತು, ಅಗುಳಿ ಸರಿಯಿತು, ಬಾಗಿಲು ತೆರೆದುಕೊಂಡಿತು. ನಾನು ಪೂವಮ್ಮನವರನ್ನು ಎತ್ತಿಕೊಂಡೇ ಹೊರಗೆ ಓಡಿದೆ. ಹಿಂದೆ ಭಾವ ಮತ್ತು ಅಕ್ಕ. ಅಂಗಳದ ತಣ್ಣನೆಯ ಗಾಳಿಯನ್ನು ನಾನು ಅಷ್ಟು ಆಸೆಯಿಂದ ಯಾವತ್ತೂ ನುಂಗಿರಲಿಲ್ಲ.

ಅಂಗಳದಲ್ಲಿ ಅಕ್ಕ ಬೆಳಿಗ್ಗೆ ಒಗೆದ ಬಟ್ಟೆ ಹರವಿದ್ದಳು. ಹಗ್ಗದ ತುಂಬ ಅಂಗಿ, ಪ್ಯಾಂಟು, ಸೀರೆಗಳು ಗಾಳಿಗೆ ಗಡಗಡ ಅಲುಗುತ್ತಿದ್ದವು. ತೆರೆದ ಬಾಗಿಲಿನೊಳಗಿಂದ ಕಣ್ಣು ಅವುಗಳನ್ನು ನೋಡಿತು.

"ಹೊರಗೆ ತುಂಬಾ ಅತಿಥಿಗಳಿದ್ದಾರೆ," ಎಂದಿತು ಅದು, ಸಂಭ್ರಮದಿಂದ. "ಎಲ್ಲರಿಗೂ ವಿಪರೀತ ಚಳಿ."

ಅತಿಥಿಗಳು ಒಳಗೆ ಬರಲೆಂದೋ ಏನೋ, ಬಾಗಿಲನ್ನು ಮಾತ್ರ ಅದು ಮುಚ್ಚಲಿಲ್ಲ. ಜ್ವಾಲೆ ಕೋಣೆಯ ಅರ್ಧದವರೆಗೆ ಹಾರಿತು. ಪರದೆ ಹೊತ್ತಿಕೊಂಡಿತು. ಅಕ್ಕ ಹಿಂದೆಮುಂದೆ ನೋಡದೆ ಸಿಲಿಂಡರಿನತ್ತ ಓಡಿ ಅದನ್ನು ಬಂದ್ ಮಾಡಿದಳು. ಭಾವ ಜಗಲಿಗೆ ಹಾರಿ ಸ್ವಿಚ್ಚು ಕೆಳಗೆಳೆದರು. ನಾನು ಅಂಗಳದ ತೊಟ್ಟಿಯಿಂದ ಬಕೆಟ್ಟುಗಟ್ಟಲೆ ನೀರು ಹೊತ್ತು ಪರದೆಯನ್ನು ಆರಿಸಿದೆ. ಭಾವನ ಒಂದು ಪ್ಯಾಂಟು ಮಾತ್ರ ಅಷ್ಟರಲ್ಲೇ ಗರಿಗರಿಯಾಗಿ ಒಣಗಿತ್ತು.

ಆ ವಾರವೇ ಯಂತ್ರ ಗುಜರಿಗೆ ಹೋಯಿತು. ಭಾವ ತಾವೇ ಆಟೋಕ್ಕೆ ಹೊತ್ತು ಹಾಕಿದರು. ಅಕ್ಕ ಪೇಟೆಗೆ ಹೋಗಿ ಅಂಗಡಿಯಲ್ಲಿ ಮಾರುವ ಸಾಮಾನ್ಯ ಕರೆಂಟಿನ ಅಗ್ಗಿಷ್ಟಿಕೆ ತಂದಳು. ಬಣ್ಣದ ಬಲ್ಬಿನದ್ದೇ. ಸ್ವಿಚ್ಚು ಮಂಚದ ತಲೆಯ ಬಳಿಯೇ ಇರಬೇಕೆಂದು ಎಲೆಕ್ಟ್ರಿಷಿಯನ್ನನಿಂದ ಹಟಮಾಡಿ ಹಾಕಿಸಿದಳು. ಪೂವಮ್ಮನವರು ಒಮ್ಮೆ ಅದರ ಮುಂದೆ ಕೂತು, ಮೊನ್ನೆಯದ್ದರ ಕಾವು ಇದಕ್ಕಿಲ್ಲ ಎಂದರು.

ಮೊದಲ ಅತಿಥಿಗಳು ಹೊಸದಾಗಿ ಮದುವೆಯಾದ ಒಂದು ಜೋಡಿ. ಭಾವ ಅವರಿಗೆ ಕೋಣೆ ತೋರಿಸಿದರು, ಸ್ವಿಚ್ಚು ತೋರಿಸಿದರು, ಕಂಬಳಿ ಕೊಟ್ಟರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಆ ಹುಡುಗನನ್ನು ಹತ್ತಿರ ಕರೆದು ಹೇಳಿದ್ದು ನನಗೆ ಜಗಲಿಯವರೆಗೆ ಕೇಳಿಸಿತು.

"ಚಳಿಯಾದರೆ ಆಗಲಿ. ಏನೇ ಆದರೂ ನಡುಗಬೇಡಿ."