ತಡೆದುಕೊಂಡ ಕೆಮ್ಮು

ಮಕ್ಕಳನ್ನು ಸಾಕುವ ವಿಷಯದಲ್ಲಿ ಗಂಡಸರು ಕೈ ಹಾಕಬಾರದು ಎಂದು ನಮ್ಮ ಕಡೆ ಹಿಂದಿನಿಂದಲೂ ಒಂದು ಮಾತಿದೆ. ಈ ಮಾತನ್ನು ಮೊದಲು ಆಡಿದವಳು ನನ್ನಂಥ ಗಂಡಸೊಬ್ಬನನ್ನು ಹತ್ತಿರದಿಂದ ನೋಡಿರಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ತೂಕ ಹಾಕಿದೆ. ಕೊಬ್ಬರಿಯನ್ನು ಅಂಗೈಯಲ್ಲಿಟ್ಟು ಒಂದು ಸಲ ಎಗರಿಸಿದರೆ ಸಾಕು, ಪೂರ್ತಿ ಒಣಗಿದೆಯೋ, ಒಳಗೆ ಇನ್ನೂ ಹಸಿಯಿದೆಯೋ ಹೇಳಿಬಿಡುತ್ತಿದ್ದೆ. ಈ ವಿದ್ಯೆ ಕೊಬ್ಬರಿಗೆ ಮಾತ್ರ ಸಲ್ಲುತ್ತದೆ ಎಂಬ ತಿಳಿವಳಿಕೆ ಆಗಲೇ ಇದ್ದಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಯಾರ ಮನೆಯ ಮಗುವನ್ನು ಕಂಡರೂ ಎತ್ತಿ, ಕೈಯಲ್ಲಿ ಒಮ್ಮೆ ತೂಗಿ, "ಹಗುರ ಆಯ್ತು ಕಣಮ್ಮ, ಇನ್ನರ್ಧ ಕೇಜಿ ಬರಬೇಕಿತ್ತು" ಎಂದು ತಾಯಿಗೆ ಹಿಂತಿರುಗಿಸುತ್ತಿದ್ದೆ. ಒಂದು ಮಗುವನ್ನೂ ಮಾಲಿನಂತೆ ಅಲ್ಲದೆ ಬೇರೆ ರೀತಿ ನೋಡಿದ ನೆನಪು ನನಗಿಲ್ಲ.

ಈಗ ಹಳೇಬೀಡಿನ ನಮ್ಮ ಮನೆಯಲ್ಲಿ ಏಳು ತಿಂಗಳ ಮೊಮ್ಮಗಳಿದ್ದಾಳೆ, ಸಿರಿ ಎಂದು ಹೆಸರು. ಅವಳ ತಾಯಿ, ನನ್ನ ಮಗಳು ಸುಧಾ, ಹುಲಿಕೆರೆಯ ಶಾಲೆಯಲ್ಲಿ ಟೀಚರು. ಅಳಿಯನಿಗೆ ಬೇಲೂರಿನಲ್ಲಿ ಲೈನ್‌ಮನ್ ಕೆಲಸ. ಬಾಣಂತನಕ್ಕೆ ಬಂದ ಸುಧಾ, ಶಾಲೆ ಇಲ್ಲಿಂದ ಹತ್ತಿರವೆಂದು ಇಲ್ಲೇ ಉಳಿದಿದ್ದಾಳೆ. ಅವಳು ಮಗುವನ್ನು ಸಾಕುವುದು ಸಹಜ ಪದ್ಧತಿಯಲ್ಲಂತೆ. ಕಣ್ಣಿಗೆ ಕಾಡಿಗೆ ಹಚ್ಚುವಂತಿಲ್ಲ, ಕಿವಿಗೆ ಎಣ್ಣೆ ಬಿಡುವಂತಿಲ್ಲ, ಮೂಗು ನೆಟ್ಟಗಾಗಲೆಂದು ಒತ್ತುವಂತಿಲ್ಲ. ಅಳುವುದಕ್ಕೆ ಮುಂಚೆ ಎತ್ತಿಕೊಳ್ಳಬೇಕು. ಹಳೆಯ ಸೀರೆಯಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ಮನೆಯೆಲ್ಲ ಓಡಾಡುತ್ತಾಳೆ. ನನ್ನ ತಾಯಿಯೂ ನನ್ನನ್ನು ಹೀಗೇ ಕಟ್ಟಿಕೊಂಡು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಆದರೆ ಅವಳಿಗೆ ಅದೊಂದು ಪದ್ಧತಿ ಎಂದು ಗೊತ್ತಿರಲಿಲ್ಲ. ಇನ್ನು ಊಟದ ವಿಷಯ. ರಾಗಿ ಸರಿಯನ್ನು ಬಟ್ಟಲಲ್ಲಿ ಹಾಕಿ ಮಗುವಿನ ಮುಂದಿಡುವುದು. ಅದು ಅರ್ಧ ತಿನ್ನುತ್ತದೆ, ಅರ್ಧ ತಲೆಗೆ ಬಳಿದುಕೊಳ್ಳುತ್ತದೆ. ಬಾಯಿ ಮುಚ್ಚಿದ ತಕ್ಷಣ ಸುಧಾ ಚಮಚ ಕೆಳಗಿಡುತ್ತಾಳೆ.

"ಇಷ್ಟೇನಾ?" ಎಂದು ಕೇಳಿದೆ ಒಂದು ದಿನ.

"ಬಾಯಿ ಮುಚ್ಚಿದ್ರೆ ಊಟ ಮುಗೀತು ಅಂತ ಅರ್ಥ ಅಪ್ಪ. ಬಲವಂತ ಮಾಡಬಾರದು."

"ನಮ್ಮ ಕಾಲದಲ್ಲಿ ಬಾಯಿ ಮುಚ್ಚಿದರೆ ಮೂಗು ಹಿಡೀಬೇಕು ಅಂತ ಅರ್ಥ" ಎಂದೆ. ಎಂದವನೇ ನಾಲಿಗೆ ಕಚ್ಚಿಕೊಂಡೆ. ಆ ಮಾತು ನನ್ನ ಬಾಯಿಂದ ಬರಬಾರದಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ಬಲವಂತ ಇಲ್ಲದ ಊಟವನ್ನು ನಾನು ನೋಡಿಯೇ ಇರಲಿಲ್ಲ. ನಮ್ಮಲ್ಲಿ ಪ್ರೀತಿ ಎಂದರೆ ಬೇಡವೆಂದರೂ ಬೀಳುವ ಮುದ್ದೆ. ನೆಂಟರು ತಟ್ಟೆಗೆ ಕೈ ಅಡ್ಡ ಹಿಡಿದರೆ ಮುದ್ದೆ ಕೈ ಮೇಲೇ ಬೀಳುತ್ತದೆ. ನನ್ನ ಹೆಂಡತಿ ಜಯಮ್ಮ ಮದುವೆಯಾದ ದಿನದಿಂದ ಒಂದು ದಿನವೂ ನನ್ನ ಹಸಿವನ್ನು ವಿಚಾರಿಸಿದವಳಲ್ಲ. ನಾನು ಕೈ ಅಡ್ಡ ಇಟ್ಟು "ಸಾಕು, ಸಾಕು" ಎನ್ನುವುದು, ಅವಳು ಆ ಕೈಯನ್ನು ಪಕ್ಕಕ್ಕೆ ತಳ್ಳಿ ಮೂರನೆಯ ಮುದ್ದೆ ಹಾಕುವುದು, ನಾನು ಗೊಣಗುತ್ತ ಅದನ್ನು ಮುಗಿಸುವುದು. ನಮ್ಮ ಸಂಸಾರದ ಸರಸವೆಲ್ಲ ಅಷ್ಟೇ.

ಹೀಗಿರುವಾಗ ಸುಧಾಳ ರಜೆ ಮುಗಿಯುತ್ತ ಬಂತು. ಸೋಮವಾರ ಅವಳು ಶಾಲೆಗೆ ಹೋಗಬೇಕು. ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು? ಜಯಮ್ಮನಿಗೆ ಸೊಂಟ ನೋವು, ಬಗ್ಗಿ ಕೊಡ ಎತ್ತುವುದೂ ಕಷ್ಟ. ನನ್ನ ಕೈ ಈಗ ನಡುಗುತ್ತದೆ. ಸುಧಾ ಯೋಚಿಸಿ, ಪಕ್ಕದ ಮನೆಯ ಕೆಂಪಮ್ಮನನ್ನು ಕೇಳುತ್ತೇನೆ ಎಂದಳು. ಕೆಂಪಮ್ಮ ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ, ಒಬ್ಬಳೇ ಇದ್ದಾಳೆ. "ಆಯಮ್ಮಂಗೆ ಯಾವುದಕ್ಕೂ ಅವಸರ ಇಲ್ಲ. ಕಾಂಪೌಂಡ್ ಹತ್ರ ಹೋದ್ರೆ ಸಿರಿ ಆಕೆ ಕಡೆಗೇ ಕೈ ಚಾಚ್ತಾಳೆ" ಎಂದಳು.

ಜಯಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಕಣ್ಣು ಒಂದು ಮಗೂನ ತಿಂದಿದ್ದು ಸಾಲದೇನೇ? ಇದನ್ನೂ ತಗೊಂಡೋಗಿ ಅವಳ ಮಡಿಲಿಗೆ ಹಾಕ್ತೀಯ?"

"ಅಮ್ಮಾ, ಕಣ್ಣಿಂದ ಮಗು ಸಾಯುತ್ತಾ?"

"ನೀನು ಹುಟ್ಟೋಕೆ ಮುಂಚಿನ ಮಾತು. ನಿಂಗೇನು ಗೊತ್ತು? ಬೇಕಾದ್ರೆ ನಿಮ್ಮಪ್ಪನ್ನೇ ಕೇಳು."

ಸುಧಾ ನನ್ನ ಕಡೆ ತಿರುಗಿದಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ತಿಳಿಯಿತು.

ಸುಧಾ ಹುಟ್ಟುವ ನಾಲ್ಕು ವರ್ಷ ಮೊದಲು ನಮಗೊಬ್ಬ ಮಗನಿದ್ದ. ಐದು ತಿಂಗಳ ಕೂಸು. ಆಗ ವಾರಕ್ಕೊಮ್ಮೆ ಎಣ್ಣೆ ನೀರು ಹಾಕುವ ದಿನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬಜೆ ತೇಯ್ದ ಹರಳೆಣ್ಣೆಯನ್ನು ಒಳಲೆಯಲ್ಲಿ ಕುಡಿಸುವ ರೂಢಿ. ಒಳಲೆ ಎಂದರೆ ಒಂದು ತುದಿ ಮೂತಿಯಂತೆ ಚಾಚಿದ ಹಿತ್ತಾಳೆಯ ಪುಟ್ಟ ಬಟ್ಟಲು. ಮಗು ಬಾಯಿ ಬಿಡದಿದ್ದರೆ ಮೂಗು ಹಿಡಿಯುವುದು. ಉಸಿರಿಗೆಂದು ಬಾಯಿ ತೆರೆದಾಗ ಸುರಿಯುವುದು. ಜಯಮ್ಮ ಬಹಳ ನಿಧಾನವಾಗಿ, ಹನಿಹನಿಯಾಗಿ ಬಿಡುತ್ತಿದ್ದಳು. ಆ ದಿನ ಅವಳು ಹಂಡೆಗೆ ಉರಿ ಹಾಕಲು ಹೋಗಿದ್ದಳು. "ಬರ್ತೀನಿ, ಮಗೂನ ನೋಡ್ಕೊಳ್ಳಿ" ಎಂದಿದ್ದಳು. ನೋಡಿಕೊಳ್ಳಿ ಎಂದಿದ್ದಳೇ ಹೊರತು ಕುಡಿಸಿ ಎಂದಿರಲಿಲ್ಲ. ನನಗೆ ಅರಸೀಕೆರೆ ಬಸ್ಸಿಗೆ ಹೊತ್ತಾಗುತ್ತಿತ್ತು. ಗುಂಜಿಯಷ್ಟೂ ಹೆಚ್ಚುಕಡಿಮೆ ಆಗದಂತೆ ತೂಗುವ ಕೈಗೆ ಒಂದು ಒಳಲೆ ಎಣ್ಣೆ ಯಾವ ಲೆಕ್ಕ ಎಂದುಕೊಂಡೆ. ನಾನೇ ಬಜೆ ತೇಯ್ದು ಒಳಲೆ ತುಂಬಿದೆ, ಮೂಗು ಹಿಡಿದೆ, ಎಲ್ಲವನ್ನೂ ಒಂದೇ ಸಲ ಸುರಿದೆ. ಮಗು ಕೆಮ್ಮಿತು, ಕೆಂಪಾಯಿತು, ಮತ್ತೆ ಕೆಮ್ಮಿತು. ಆಮೇಲೆ ಸುಮ್ಮನಾಯಿತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಆಗ ಹೆಮ್ಮೆಯೆನಿಸಿತು. ಒಳಲೆ ತೊಳೆದಿಟ್ಟು ಬಸ್ಸು ಹತ್ತಿದೆ. ಜಯಮ್ಮ ಬಂದು, ನಾನು ಎಣ್ಣೆ ಕುಡಿಸಿದ್ದು ತಿಳಿಯದೆ, ಮಗು ನಿದ್ದೆಗಣ್ಣಿನಲ್ಲಿದೆ, ಇವತ್ತು ಬೇಡ ಎಂದು ಬಿಟ್ಟಳಂತೆ.

ಅದೇ ಸಂಜೆ, ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಕೆಂಪಮ್ಮ ಮಗುವನ್ನು ಎತ್ತಿಕೊಂಡು, "ಎಷ್ಟು ದುಂಡಗವ್ನೆ ಕಣಕ್ಕ, ಗುಂಡುಕಲ್ಲಿನಂಗೆ" ಎಂದಳು. ಅವಳು ಮಾಡಿದ ಅಪರಾಧ ಇಷ್ಟು.

ಮೂರನೆಯ ದಿನ ಜ್ವರ, ಏದುಸಿರು. ನನ್ನ ತಾಯಿ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿಯಾಗಿದೆ. ಒಲೆಯ ಮುಂದೆ ನಾವು ಮೂವರು. ನನ್ನ ತಾಯಿಯ ಮೂಗು ನಸ್ಯ ಸೇದಿ ಸೇದಿ ಸತ್ತು ಎಷ್ಟೋ ವರ್ಷವಾಗಿತ್ತು. ಜಯಮ್ಮನ ಮೂಗು ಅತ್ತು ಅತ್ತು ಕಟ್ಟಿಹೋಗಿತ್ತು. ತೀರ್ಪು ಹೇಳಲು ಆ ಮನೆಯಲ್ಲಿ ಉಳಿದಿದ್ದದ್ದು ನನ್ನ ಮೂಗೊಂದೇ. ಘಾಟು ಬಂತು. ಗಂಟಲಿಗೆ ಬೆಂಕಿ ಹೊಕ್ಕಂತೆ ಬಂತು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು. ಕೆಮ್ಮಿದರೆ ದೃಷ್ಟಿಯಲ್ಲವೆಂದಾಗುತ್ತದೆ, ದೃಷ್ಟಿಯಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆ ಏಳುತ್ತದೆ. ತಡೆದುಕೊಂಡೆ. ಕಣ್ಣಲ್ಲಿ ನೀರು ಸುರಿಯುವವರೆಗೂ ತಡೆದುಕೊಂಡೆ. ನನ್ನ ತಾಯಿ ಅದನ್ನು ನೋಡಿ, "ಅಳಬ್ಯಾಡ ಕಣ್ಲಾ, ಯಾರ ಕಣ್ಣು ಅಂತ ಗೊತ್ತಾಯ್ತಲ್ಲ" ಎಂದು ನನ್ನ ಬೆನ್ನು ಸವರಿದಳು.

ಆಮೇಲೆ ಹಾಸನದ ಆಸ್ಪತ್ರೆಗೆ ಹೋದೆವು. "ಎಣ್ಣೆ ಗಿಣ್ಣೆ ಏನಾದರೂ ಕುಡಿಸಿದ್ರಾ?" ಎಂದು ಡಾಕ್ಟರು ಕೇಳಿದರು. ಜಯಮ್ಮ, "ಈ ವಾರ ಇಲ್ಲ ಸಾರ್" ಎಂದಳು. ಅವಳು ತಿಳಿದಿದ್ದನ್ನು ಹೇಳಿದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನೂ ಇಲ್ಲವೆಂದೆ. ಹೇಳಿದ್ದರೆ ಮಗು ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಇನ್ನೆರಡು ದಿನಕ್ಕೆ ಹೋಯಿತು.

ಅಲ್ಲಿಂದಾಚೆಗೆ ನಮ್ಮ ಬೀದಿಯಲ್ಲಿ ಯಾರೂ ಕೆಂಪಮ್ಮನನ್ನು ತೊಟ್ಟಿಲು ಶಾಸ್ತ್ರಕ್ಕೆ ಕರೆಯಲಿಲ್ಲ. ಅವಳು ಎದುರಿಗೆ ಬಂದರೆ ತಾಯಂದಿರು ಮಗುವಿಗೆ ಸೆರಗು ಮುಚ್ಚುತ್ತಿದ್ದರು. ಮಕ್ಕಳನ್ನು ಕಂಡರೆ ನೆಲ ನೋಡುವುದನ್ನು ಅವಳೂ ಕಲಿತಳು. ಇತ್ತ ಸುಧಾ ಹುಟ್ಟಿದ ಮೇಲೆ, ಜಯಮ್ಮ ಅವಳಿಗೆ ಊಟ ಮಾಡಿಸುವ ಹೊತ್ತಿಗೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಮಗು ಅಳುವುದನ್ನು ಕೇಳಲಾರೆನೆಂದು ಊರಲ್ಲಿ ನನಗೆ ಮೃದು ಮನಸ್ಸಿನವನೆಂಬ ಹೆಸರು ಬಂತು.

ಸುಧಾ ಅಮ್ಮನ ಮಾತಿಗೆ ಕಿವಿಗೊಡದೆ ಪಕ್ಕದ ಮನೆಗೆ ಹೋಗಿ ಬಂದಳು. ನಾನು ಪೇಪರು ನೆಟ್ಟಗೆ ಹಿಡಿದು ಓದಲು ನೋಡಿದೆ, ಆಗಲಿಲ್ಲ. ಎದ್ದು ಕಾಂಪೌಂಡ್ ಹತ್ತಿರ ಹೋದೆ. ಆಚೆ ಕೆಂಪಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಸುಧಾ ಬಂದು ಮಗೂನ ನೋಡ್ಕೊಳ್ಳೋಕೆ ಕೇಳಿದ್ಲಾ?" ಎಂದೆ.

"ಕೇಳ್ತು. ಬ್ಯಾಡ ಕಣವ್ವ ಅಂದೆ. ನಿಮ್ಮನೆ ಅಕ್ಕ ಒಪ್ಪಾಕಿಲ್ಲ, ನಂಗ್ಯಾಕಣ್ಣ ಇಲ್ದಿದ್ದು."

ನಾನು ಎಲ್ಲ ಹೇಳಿದೆ. ಒಳಲೆ, ಒಲೆ, ಆಸ್ಪತ್ರೆ. ಅವಳ ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಬೀಳುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ತಲೆಯೆತ್ತದೆ ಹೇಳಿದಳು:

"ಅವತ್ತು ಆ ಮೆಣಸಿನಕಾಯಿ ಘಾಟು ನಮ್ಮನೆಗಂಟ ಬಂದಿತ್ತಣ್ಣ. ನಮ್ಮತ್ತೆ ಕೆಮ್ಕೊಂಡು ಬೀದಿಗೋದ್ರು. ನಾ ಎಲ್ಲಾರಿಗೂ ಹೇಳ್ದೆ. ಕಣ್ಣು ಹಾಕ್ದೋಳು ಹಂಗೇ ಹೇಳೋದು ಅಂದ್ರು. ಹೇಳಿ ಹೇಳಿ ಸಾಕಾಗಿ, ಆಮ್ಯಾಕೆ ನಂಗೇ ಅನ್ಸಾಕೆ ಶುರುವಾಯ್ತು, ನನ್ನ ಕಣ್ಣೇ ಇರಬೈದು ಅಂತ. ಒಂದಷ್ಟು ವರ್ಷ ಕನ್ನಡೀನೂ ನೋಡ್ಲಿಲ್ಲ ನಾನು."

"ತಪ್ಪಾಯ್ತು ಕಣಮ್ಮ."

"ನಂತಾವ ಯಾಕೇಳ್ತೀರ? ನಂಗೆ ಗೊತ್ತಿರೋದ್ನೇ ನಂಗೇಳಿ ಹಗುರ ಮಾಡ್ಕೋಬೇಕು ಅಂತ ಬಂದ್ರಾ? ಗೊತ್ತಿಲ್ದೋರ್ಗೆ ಹೇಳೋಗಿ."

ಒಳಗೆ ಬಂದಾಗ ಊಟದ ಹೊತ್ತು. ಸುಧಾ ಮಗುವಿನ ಮುಂದೆ ಬಟ್ಟಲಿಟ್ಟುಕೊಂಡು ಕೂತಿದ್ದಳು. ಜಯಮ್ಮ ಎರಡು ಮುದ್ದೆ ಹಾಕಿ, ಸಾರು ಬಿಟ್ಟು, ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ತಟ್ಟೆಗೆ ಕೈ ಅಡ್ಡ ಇಡಲಿಲ್ಲ. "ಮಗೂಗೆ ಅವತ್ತು ನಾನು ಎಣ್ಣೆ ಕುಡಿಸಿದ್ದೆ, ನೀನು ಹಂಡೆ ಹತ್ತಿರ ಇದ್ದಾಗ. ಒಂದೇ ಸಲಕ್ಕೆ ಸುರಿದೆ" ಎಂದು ಶುರು ಮಾಡಿದೆ. ಡಾಕ್ಟರಿಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ, ಮೆಣಸಿನಕಾಯಿಯ ಘಾಟನ್ನೂ ಬಿಡಲಿಲ್ಲ. ಸುಧಾ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಜಯಮ್ಮ ಮುದ್ದೆ ಹಿಡಿದ ಕೈಯನ್ನು ತಟ್ಟೆಯ ಮೇಲಿಂದ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಕೇಳಿದಳು:

"ಮಗು ಕೆಮ್ತಾ?"

"ಕೆಮ್ಮಿತು."

"ನೀವು?"

"ನಾನು ಕೆಮ್ಮಲಿಲ್ಲ."

ಅವಳು ಕೈಯಲ್ಲಿದ್ದ ಮುದ್ದೆಯನ್ನು ಪಾತ್ರೆಗೆ ವಾಪಸು ಇಟ್ಟಳು. ಕೈ ತೊಳೆದುಕೊಂಡು, ಸೊಂಟ ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದಳು. ನಲವತ್ತು ವರ್ಷದಲ್ಲಿ ಆ ಹೊಸಿಲು ತುಳಿದಿದ್ದು ಅದೇ ಮೊದಲು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಕೇಳುವ ಯೋಗ್ಯತೆಯೂ ಇಲ್ಲ.

ಸೋಮವಾರದಿಂದ ಕೆಂಪಮ್ಮ ಬರುತ್ತಿದ್ದಾಳೆ. ನನ್ನೊಂದಿಗೆ ಮಾತಿಲ್ಲ, ನಾನು ನಡುಮನೆಗೆ ಬಂದರೆ ಮಗುವನ್ನೆತ್ತಿಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಮೊದಲ ದಿನ ಸಿರಿಯನ್ನು ಮಡಿಲಲ್ಲಿಟ್ಟುಕೊಂಡು ರೂಢಿಯಂತೆ ನೆಲ ನೋಡುತ್ತ ಕೂತಿದ್ದಳು. ಮಗು ಸುಮ್ಮನಿರಲಿಲ್ಲ, ರಾಗಿ ಸರಿ ಮೆತ್ತಿದ ಎರಡೂ ಕೈಯಿಂದ ಅವಳ ಗಲ್ಲ ಹಿಡಿದು ಮೇಲಕ್ಕೆತ್ತಿತು. ನಾನು ಬಾಗಿಲ ಸಂದಿಯಿಂದ ನೋಡಿ, ಅಲ್ಲಿಂದ ಸರಿದೆ.

ಸುಧಾಳ ಸಹಜ ಪದ್ಧತಿ ಈಗ ನಮ್ಮ ಮನೆಯಲ್ಲಿ ಪೂರ್ತಿ ಜಾರಿಗೆ ಬಂದಿದೆ, ನನಗೂ ಅನ್ವಯಿಸುತ್ತದೆ. ಜಯಮ್ಮ ಅಟ್ಟದಿಂದ ಆ ಒಳಲೆಯನ್ನು ಹುಡುಕಿ ತೆಗೆದು, ಹುಣಸೆಹಣ್ಣು ಹಾಕಿ ಬೆಳಗಿ, ನನ್ನ ಮಂಚದ ಪಕ್ಕ ಇಟ್ಟಿದ್ದಾಳೆ. ನನ್ನ ಬೀಪಿ ಮಾತ್ರೆ ಅದರಲ್ಲಿರುತ್ತದೆ. ನುಂಗಿದೆನೇ ಎಂದು ಯಾರೂ ವಿಚಾರಿಸುವುದಿಲ್ಲ. ಊಟಕ್ಕೆ ಎರಡು ಮುದ್ದೆ ಬೀಳುತ್ತದೆ. ಮೊನ್ನೆ ಮರೆತು ಹಳೆಯ ಅಭ್ಯಾಸದಂತೆ ತಟ್ಟೆಗೆ ಕೈ ಅಡ್ಡ ಇಟ್ಟು "ಸಾಕು, ಸಾಕು" ಎಂದೆ. "ಸರಿ" ಎಂದು ಪಾತ್ರೆ ಎತ್ತಿಕೊಂಡು ಹೋದಳು. ಕೈ ಹಾಗೇ ಇತ್ತು, ಅದರ ಮೇಲೆ ಏನೂ ಬೀಳಲಿಲ್ಲ. ಮೂರಕ್ಕೆ ಪಳಗಿದ ಹೊಟ್ಟೆ, ಕೇಳಿದರೆ ಹಾಕುತ್ತಾಳೆ. ಕೇಳಲು ಬಾಯಿ ಬರುವುದಿಲ್ಲ.

ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕುವಾಗ ಮೆಣಸಿನಕಾಯಿಯ ಘಾಟು ನಡುಮನೆಗೆ ಬರುತ್ತದೆ. ನಾನೀಗ ತಡೆದುಕೊಳ್ಳುವುದಿಲ್ಲ, ಬಂದಷ್ಟೂ ಕೆಮ್ಮುತ್ತೇನೆ. ಅಡಿಗೆಮನೆಯಿಂದ ಜಯಮ್ಮ ದಿನವೂ ಒಂದೇ ಮಾತು ಕೇಳುತ್ತಾಳೆ.

"ಈಗ ಬಂತಾ?"