ಗಾಳಿಬಾಗಿಲ ಒಲೆ

"ನೋಡು ಮಾದೇವಿ, ಬೆಂಕಿ ಅನ್ನೋದು ದನ ಇದ್ದಂಗೆ. ಬಿಟ್ಟಷ್ಟೂ ಮೇಯ್ತದೆ. ಗಾಳಿನೇ ಅದರ ಮೇವು. ಹಗ್ಗ ನಮ್ಮ ಕೈಲಿರಬೇಕು. ಕೆಳಗೆ ಈ ಬಾಗಿಲೈತಲ್ಲ, ಇದು ಗಾಳಿ ಒಳಗೆ ಬರೋಕೆ. ಮೇಲೆ ಕೊಳವೇಲಿ ತಗಡೈತಲ್ಲ, ಅದು ಹೊರಗೆ ಹೋಗೋಕೆ. ಎರಡನ್ನೂ ಬೆರಳಷ್ಟು ಬಿಟ್ಟು ಮುಚ್ಚಿದ್ರೆ ಒಂದೇ ಕೊರಡಲ್ಲಿ ಬೆಳಗಿನ ಅಡುಗೆ ಮುಗೀತದೆ. ನೀನು ಮದ್ವೆಯಾದಾಗಿಂದ ಆ ಊದುಗೊಳವೆ ಹಿಡ್ಕೊಂಡು ಊದ್ತಾನೇ ಇದ್ದೀಯ. ಆ ಉಸಿರು ಕೂಡಿಟ್ಟಿದ್ರೆ ಇನ್ನೊಂದು ಜನ್ಮಕ್ಕೆ ಆಗ್ತಿತ್ತು. ಇನ್ಮೇಲೆ ಈ ಎರಡು ಬಾಗಿಲಿಗೂ ನಾನೇ ಯಜಮಾನ. ನೀನು ಮುಟ್ಟಬೇಡ."

ಇದು ನಮ್ಮ ಮನೆಯವರಾದ ಸಿದ್ದಣ್ಣನವರ ಗಾಳಿಪುರಾಣದ ಮೊದಲ ಅಧ್ಯಾಯ. ಬೆಲ್ಲ ತರಲು ಸೋಮವಾರಪೇಟೆ ಸಂತೆಗೆ ಹೋದವರು ಜೀಪಿನಲ್ಲಿ ಕಬ್ಬಿಣದ ಒಲೆ ತಂದಿದ್ದರು. (ಬೆಲ್ಲ ಬರಲಿಲ್ಲ.)

ನನ್ನ ಮಣ್ಣಿನ ಒಲೆ ಇತ್ತಲ್ಲ, ಅದನ್ನು ನಾನೇ ಹುತ್ತದ ಮಣ್ಣು ಕಲಸಿ ಕಟ್ಟಿದ್ದು. ಯಾವ ಕಟ್ಟಿಗೆಯನ್ನು ಎಷ್ಟು ಹಿಂದಕ್ಕೆ ಎಳೆದರೆ ಉರಿ ಎಷ್ಟು ತಗ್ಗುತ್ತದೆಂದು ನನ್ನ ಕೈಗೇ ಗೊತ್ತು. ಅದನ್ನು ಬಿಡಲು ನಾನು ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತಾಯಿತು. ಭಾನುವಾರ ಪಕ್ಕದ ತೋಟದ ಬೋಜಮ್ಮ ತಿಂಡಿಗೆ ಬರುತ್ತಾರೆ. ಅವರೆದುರು ಹೊಸ ಒಲೆಯಲ್ಲಿ ಕಡುಬು ಬೆಂದರೆ ಮಣ್ಣಿನ ಒಲೆ ಒಡೆಯುವುದು. ಬೇಯದಿದ್ದರೆ ಕಬ್ಬಿಣದ್ದು ಕೊಟ್ಟಿಗೆಗೆ.

ಭಾನುವಾರ ಯಜಮಾನರು ಕಾಫಿ ಗಿಡದ ಬೊಡ್ಡೆ ತುರುಕಿ, ಎರಡೂ ಬಾಗಿಲನ್ನು ಬೆರಳಷ್ಟು ಬಿಟ್ಟು ಮುಚ್ಚಿ, ಬೋಜಮ್ಮನನ್ನು ಎದುರುಗೊಳ್ಳಲು ಗೇಟಿನತ್ತ ನಡೆದರು. ನಾನು ಕಡುಬಿನ ಪಾತ್ರೆ ಇಟ್ಟು ಹೊಗೆಯಲ್ಲೇ ಕೂತೆ; ಹೊಗೆ ನನಗೇನು ಹೊಸದೇ?

ಊರಿನವರೆಲ್ಲ ನನ್ನನ್ನು ತಾಳ್ಮೆಯ ಹೆಂಗಸು ಅನ್ನುತ್ತಾರೆ. ಅವತ್ತೊಂದು ದಿನ ಆ ತಾಳ್ಮೆ ಎಲ್ಲಿಗೆ ಹೋಗಿತ್ತೋ! ಮಣ್ಣಿನ ಒಲೆಗೆ ಎದುರುಗಾಳಿ ಹೊಡೆದರೆ ಉರಿ ಪಾತ್ರೆ ಬಿಟ್ಟು ಗೋಡೆಗೆ ಓಡುತ್ತದೆ; ಅದಕ್ಕೇ ನಾವು ಒಲೆಬಾಯಿಗೆ ಎಣ್ಣೆಡಬ್ಬದ ತಗಡು ಅಡ್ಡ ಇಡುವುದು. ಹಾಗಿದ್ದ ಮೇಲೆ ಇದರ ಎರಡೂ ಬಾಗಿಲು ಪೂರ್ತಿ ತೆಗೆದರೆ? ಉರಿಯೆಲ್ಲ ಕೊಳವೆಯಲ್ಲಿ ಹಾರಿಹೋಗುತ್ತದೆ, ಕಡುಬು ಹಸಿಯಾಗಿಯೇ ಕೂರುತ್ತದೆ, ನನ್ನ ಒಲೆ ಬದುಕುತ್ತದೆ! ಸೆರಗಿನಲ್ಲಿ ಹಿಡಿದು ಎರಡನ್ನೂ ತೆಗೆದೇಬಿಟ್ಟೆ.

ಒಲೆ ಒಮ್ಮೆ ಕೆಮ್ಮಿತು. ಆಮೇಲೆ ಲಾರಿ ಘಾಟಿ ಹತ್ತಿದ ಹಾಗೆ ಗುಂಯ್ ಎಂದಿತು. ಪಾತ್ರೆಯ ಮುಚ್ಚಳ ಕುಣಿಯತೊಡಗಿತು.

"ಎಂಥ ಹದ ಮಾದೇವಮ್ಮ! ನಮ್ಮ ಕೊಡವರ ಅಕ್ಕಿ ಉಂಡೆ ಕಡಂಬುಟ್ಟೂ ಇಷ್ಟು ಮೆತ್ತಗೆ ಬರಲ್ಲ!" ಬೋಜಮ್ಮ ಇನ್ನೊಂದು ಕಡುಬು ಹಾಕಿಸಿಕೊಂಡರು.

"ಎಲ್ಲಾ ಗಾಳಿ ಲೆಕ್ಕ," ಎಂದು ಯಜಮಾನರು ಒಲೆ ತೋರಿಸಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. "ಯಾರೇ ಇದನ್ನ ತೆಗೆದೋರು? ನೀನು ಮುಟ್ಟಿದ್ಯಾ?"

ನನ್ನ ಸೆರಗಿನ ತುಂಬ ಮಸಿ. ಇಲ್ಲ ಅನ್ನುವುದು ಹೇಗೆ?

"ಮುಟ್ಟಿದ್ದಕ್ಕೇ ಅಲ್ವಾ ಬೆಂದದ್ದು!" ಬೋಜಮ್ಮ ನಕ್ಕರು. "ನಾನು ಬರುವಾಗ ಹೊಗೆ ಕೊಳವೆ ಬಿಟ್ಟು ಹೆಂಚಿನ ಸಂದೀಲಿ ಬರ್ತಿತ್ತು ಸಿದ್ದಣ್ಣ. ನೀವು ಮುಚ್ಚಿದ ಹಾಗೇ ಇದ್ದಿದ್ರೆ ಇವತ್ತು ಬರೀ ಚಟ್ನಿ ನೆಕ್ಕಬೇಕಿತ್ತು. ಮಾದೇವಮ್ಮಂಗೆ ಗಾಳಿ ಗೊತ್ತು!"

ಅಂದರೆ, ನಾನು ಸುಮ್ಮನೆ ಕೈಕಟ್ಟಿ ಕೂತಿದ್ದರೆ ಸಾಕಿತ್ತು!

ಯಜಮಾನರು ಕ್ಷಣ ಪೆಚ್ಚಾದರೂ ಬೇಗ ಚೇತರಿಸಿಕೊಂಡರು. "ಹಂಗಾದ್ರೆ ಇನ್ಮೇಲೆ ಬಾಗಿಲಿಗೆ ನೀನೇ ಯಜಮಾನಿ. ಆ ಹಾರೆ ತಾ ಇತ್ಲಾಗೆ."

ಮಧ್ಯಾಹ್ನದೊಳಗೆ ನನ್ನ ಒಲೆ ಒಂದು ಬುಟ್ಟಿ ಮಣ್ಣಾಯಿತು. ಅದೇ ಮಣ್ಣಿಗೆ ಸಗಣಿ ಕಲಸಿ, ಗೋಡೆಯಲ್ಲಿ ಹೊಸ ಕೊಳವೆಯ ಸುತ್ತ ಉಳಿದಿದ್ದ ಸಂದಿಗೆ ಮೆತ್ತಿದೆ. ಪಕ್ಕದಲ್ಲಿ ಪುರಾಣದ ಎರಡನೇ ಅಧ್ಯಾಯ ಶುರುವಾಗಿತ್ತು: "ಬೂದಿ ತುಂಬಿದ್ರೆ ಗಾಳಿ ಒಳಗೆ ಬರಲ್ಲ. ದಿನಾ ತೆಗೀಬೇಕು."

"ಯಾರು?"

"ಯಜಮಾನಿ."

ಬೂದಿತಟ್ಟೆ ಎಳೆದೆ. ಕೆಂಡ ಆರಿದ್ದನ್ನು ನೋಡಿಕೊಂಡು ಬೂದಿಯನ್ನು ಮೆಣಸಿನ ಬಳ್ಳಿಯ ಬುಡಕ್ಕೆ ಸುರಿದೆ. ಒಂದು ಹಿಡಿ ಉಳಿಸಿಕೊಂಡು, ನಲ್ಲಿಯ ಹತ್ತಿರ ಕೂತು ಕಡುಬಿನ ಪಾತ್ರೆ ತಿಕ್ಕತೊಡಗಿದೆ.